ಅಂಕಿತವಿಲ್ಲದ ವೈಸು

ಹಳಗನ್ನಡ ನಡುಗನ್ನಡಗಳನ್ನು ಪಾಠ ಹೇಳುವವರಿಗೆ ಅಂಕಿತವೆಂಬುದು ದೊಡ್ಡ ಆಸರೆ. ಕೂಡಲಸಂಗಮದೇವನೆಂದು ಕಂಡರೆ ಬಸವಣ್ಣನವರು. ಚೆನ್ನಮಲ್ಲಿಕಾರ್ಜುನನೆಂದು ಕಂಡರೆ ಅಕ್ಕಮಹಾದೇವಿ. ಪುರಂದರವಿಠಲನೆಂದರೆ ಹಾಡು ಯಾರದೆಂದು ಕೇಳುವ ಅಗತ್ಯವೇ ಬೀಳದು. ಮೊದಲ ಗರಿಯೂ ಕೊನೆಯ ಗರಿಯೂ ಕಳೆದುಹೋಗಿ, ಕವಿಯ ಹೆಸರಾಗಲಿ ಕಾಲವಾಗಲಿ ಎಲ್ಲಿಯೂ ಇಲ್ಲದ ಓಲೆಯ ಕಟ್ಟೊಂದು ಇದಿರಿಗೆ ಬಂದಾಗಲೇ ವಿದ್ವಾಂಸನ ನಿಜವಾದ ಪರೀಕ್ಷೆ. ಆಗ ಆತ ಲಿಪಿಯನ್ನು ನೋಡಬೇಕು, ಛಂದಸ್ಸನ್ನು ನೋಡಬೇಕು, ವಿಭಕ್ತಿ ಪ್ರತ್ಯಯಗಳ ರೂಪವನ್ನು ನೋಡಬೇಕು. ಇಷ್ಟೆಲ್ಲ ನೋಡಿದ ಮೇಲೆಯೂ ‘ಕರ್ತೃ ಅಜ್ಞಾತ’ ಎಂದು ಬರೆಯುವ ಧೈರ್ಯ ಆತನಲ್ಲಿರಬೇಕು.

ಈ ಪರೀಕ್ಷೆ ಕಬ್ಬಿಣದ ಮುಂದೆಯೂ ಎದುರಾದೀತೆಂಬುದು ಮೂಡಿಗೆರೆಗೂ ಕಳಸಕ್ಕೂ ನಡುವಣ ಒಂದು ಕಾಫಿ ತೋಟದ ಪಲ್ಪರ್ ಮನೆಯಲ್ಲಿ ನನಗೆ ಮನವರಿಕೆಯಾಯಿತು. ತೋಟದ ಗೌಡರು ನನಗೆ ಹಳೆಯ ಪರಿಚಿತರು. ಹಳೆಯ ಸಾಮಾನುಗಳನ್ನೆಲ್ಲ ಗುಜರಿಯವನಿಗೆ ತೂಗಿ ಕೊಡುವುದಕ್ಕೆಂದು ಅವರು ಮೂಲೆಗೆ ರಾಶಿ ಹಾಕಿಸಿದ್ದರು. ಆ ರಾಶಿಯ ತಳದಲ್ಲಿ, ಮರದ ದಿಮ್ಮಿಯೊಂದಕ್ಕೆ ಬಿಗಿದಿದ್ದ ಹಾಗೆಯೇ, ಹಸುರು ಬಣ್ಣದ ಚಕ್ಕೆಗಳೂ ತುಕ್ಕೂ ಮೆತ್ತಿಕೊಂಡ ಒಂದು ವೈಸು ಬಿದ್ದಿತ್ತು. ಹಿಡಿ ತಿರುಗದು, ದವಡೆ ಸರಿಯದು, ಎಲ್ಲಿ ಸವರಿ ನೋಡಿದರೂ ತಯಾರಕನ ಹೆಸರೆಂಬುದು ಒಂದಕ್ಷರವೂ ಇಲ್ಲ. “ದೊರೆ ಕಾಲದ್ದು, ಮೇಷ್ಟ್ರೇ” ಎಂದರು ಗೌಡರು. ನಮ್ಮ ಕಡೆಯ ತೋಟಗಳಲ್ಲಿ ಯಾವ ವಸ್ತುವಿನ ವಯಸ್ಸು ಗೊತ್ತಿಲ್ಲವೋ ಅದೆಲ್ಲ ದೊರೆ ಕಾಲದ್ದೇ.

ವೈಸೆಂದರೆ ಏನೆಂಬುದನ್ನು ಸಾಹಿತ್ಯದ ವಾಚಕರಿಗೆ ಎರಡು ಮಾತಿನಲ್ಲಿ ಹೇಳುವುದು ನ್ಯಾಯ. ಕೆಲಸದ ಮೇಜಿಗೆ ಬಿಗಿದ ಎರಡು ದವಡೆಗಳು; ಒಂದು ಸ್ಥಿರ, ಇನ್ನೊಂದು ಚರ. ಉದ್ದನೆಯ ತಿರುಪೊಂದನ್ನು ಹಿಡಿಯಿಂದ ತಿರುಗಿಸಿದರೆ ಚರದವಡೆ ಸ್ಥಿರದವಡೆಯತ್ತ ಸರಿದು ನಡುವೆ ಇಟ್ಟ ಲೋಹದ ತುಂಡನ್ನು ಕಚ್ಚಿ ಹಿಡಿಯುತ್ತದೆ. ಆ ಮೇಲೆ ಕೆಲಸಗಾರನ ಎರಡು ಕೈಗಳೂ ಸ್ವತಂತ್ರ. ಇದರಲ್ಲಿಯೂ ಎರಡು ಕುಲಗಳುಂಟು. ಕಮ್ಮಾರನ ವೈಸಿಗೆ ನೆಲದವರೆಗೆ ಇಳಿಯುವ ಒಂದು ಕಾಲು. ಅದನ್ನು ಕಾಸಿ ಬಡಿದು ಮಾಡಿರುತ್ತಾರೆ. ಸುತ್ತಿಗೆಯ ಪೆಟ್ಟನ್ನು ಆ ಕಾಲು ನೆಲಕ್ಕೆ ದಾಟಿಸುತ್ತದೆ. ಅದರ ದವಡೆ ಬಾಗಿಲಿನಂತೆ ಕೀಲಿನ ಮೇಲೆ ತೆರೆಯುವುದರಿಂದ ಅಗಲವಾಗಿ ತೆರೆದಷ್ಟೂ ಓರೆಯಾಗುತ್ತದೆ. ಯಂತ್ರದ ಕೆಲಸದವರ, ಅಂದರೆ ಫಿಟ್ಟರ್‌ಗಳ ವೈಸು ಹಾಗಲ್ಲ. ಅದು ಎರಕ ಹೊಯ್ದದ್ದು; ಅದರ ದವಡೆಗಳು ಎಷ್ಟು ತೆರೆದರೂ ಸಮಾಂತರ. ಅರ ಉಜ್ಜುವುದು, ಗರಗಸ ಹಾಕುವುದು, ತಿರುಪಿನ ಎಳೆ ಕೊಯ್ಯುವುದು ಇತ್ಯಾದಿ ನಯವಾದ ಕೆಲಸಗಳಿಗೆ ಅದು ಮೀಸಲು.

ಇಕ್ಕುಳ, ಅಡಿಗಲ್ಲು, ತಿದಿ, ಚಾಣ, ಅರ ಎಂದು ಕಮ್ಮಾರಸಾಲೆಯ ಸಾಮಾನುಗಳಿಗೆಲ್ಲ ಕನ್ನಡದಲ್ಲಿ ಒಳ್ಳೊಳ್ಳೆಯ ಹೆಸರುಗಳಿವೆ. ವೈಸಿಗೆ ಮಾತ್ರ ಬಳಕೆಯಲ್ಲಿರುವುದು ಹೊರಗಿನಿಂದ ಬಂದ ಹೆಸರೇ. ನಮ್ಮ ಕುಶಲಿಗಳು ನೆಲದ ಮೇಲೆ ಕುಳಿತು, ಕಾಲ್ಬೆರಳುಗಳ ನಡುವೆ ವಸ್ತುವನ್ನು ಒತ್ತಿ ಹಿಡಿದು ಕೆಲಸ ಮಾಡಿದವರು. ಕುಳಿತಿದ್ದವನನ್ನು ಎಬ್ಬಿಸಿ ನಿಲ್ಲಿಸಿದ್ದು ವೈಸು. ಅದರ ದವಡೆಯ ಮೇಲಂಚು ನಿಂತವನ ಮೊಣಕೈಯ ಮಟ್ಟಕ್ಕೆ ಬರಬೇಕೆಂಬುದು ಎಲ್ಲೆಡೆಯೂ ಕಲಿಸುವ ನಿಯಮ. ಗೌಡರ ಪಲ್ಪರ್ ಮನೆಯ ದಿಮ್ಮಿಯನ್ನು ನೆಟ್ಟಗೆ ನಿಲ್ಲಿಸಿ ನೋಡಿದಾಗ ದವಡೆ ನನ್ನ ಮೊಣಕೈಗಿಂತ ಒಂದು ಗೇಣಿನಷ್ಟು ತಗ್ಗಿನಲ್ಲಿತ್ತು. ದಿಮ್ಮಿಯ ಬುಡ ಲಡ್ಡಾಗಿರಲಿಲ್ಲ, ಅದನ್ನು ಕತ್ತರಿಸಿಯೂ ಇರಲಿಲ್ಲ. ಅದರ ಮುಂದೆ ನಿಂತು ದುಡಿದಾತ ಕುಳ್ಳನೆಂದು ಊಹಿಸುವುದಕ್ಕೆ ಅಷ್ಟು ಸಾಕು. ಆತನ ಹೆಸರು ತೋಟದ ಯಾವ ಲೆಕ್ಕದ ಪುಸ್ತಕದಲ್ಲಿಯೂ ಉಳಿದಿಲ್ಲ.

ಕಾಫಿಯ ಕಾಡಿನ ನಡುವೆ ಫಿಟ್ಟರ್ ವೈಸಿಗೆ ಏನು ಕೆಲಸವೆಂದು ಬಯಲುಸೀಮೆಯ ವಾಚಕರು ಕೇಳಬಹುದು. ನಮ್ಮ ಬೆಟ್ಟಗಳಲ್ಲಿ ಅರೇಬಿಕಾ ಹಣ್ಣಾಗುವುದು ಸುಮಾರು ನವೆಂಬರಿನಿಂದ ಜನವರಿಯವರೆಗೆ. ಕೊಯ್ದ ಹಣ್ಣನ್ನು ಆ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಬೇಕು; ರಾಶಿಯಲ್ಲಿ ಬಿಟ್ಟರೆ ಹುದುಗೆದ್ದು ಬೀಜದ ರುಚಿ ಕೆಡುತ್ತದೆ. ಪಲ್ಪರೆಂಬುದು ಗುಬ್ಬಿಗಳೆಬ್ಬಿಸಿದ ತಾಮ್ರದ ತಗಡನ್ನು ಹೊದ್ದ ಉರುಳೆ. ತಗಡು ಸವೆಯುತ್ತದೆ, ಬೋಲ್ಟು ಮುರಿಯುತ್ತದೆ, ಹಣ್ಣಿನೊಡನೆ ಬಂದ ಒಂದು ಕಲ್ಲು ಇಡೀ ಯಂತ್ರವನ್ನು ನಿಲ್ಲಿಸುತ್ತದೆ. ಆಬರ್ಡೀನಿನ ಮೆಕಿನನ್, ಲಂಡನ್ನಿನ ಜಾನ್ ಗಾರ್ಡನ್ ಮೊದಲಾದ ಕಂಪೆನಿಗಳು ಲೋಕದ ಕಾಫಿ ನಾಡುಗಳಿಗೆಲ್ಲ ಯಂತ್ರಗಳನ್ನು ಕಳುಹಿಸುತ್ತಿದ್ದವು, ನಿಜ. ಆದರೆ ಡಿಸೆಂಬರಿನ ಒಂದು ಸಂಜೆ ಕಣದಲ್ಲಿ ಹಣ್ಣಿನ ರಾಶಿ ಬಿದ್ದಿರುವಾಗ ಮುರಿದ ಬೋಲ್ಟಿಗೆ ಆಬರ್ಡೀನಿಗೆ ಕಾಗದ ಬರೆದು ಕೂರುವಂತಿರಲಿಲ್ಲ. ರೈಲಿನ ಕಥೆಯೂ ಹಾಗೆಯೇ. ಚಿಕ್ಕಮಗಳೂರಿಗೆ ರೈಲು ಬಂದದ್ದೇ ೨೦೧೩ರಲ್ಲಿ. ಅದಕ್ಕೆ ಮೊದಲು ಕಡೂರಿನಲ್ಲಿಳಿದ ಸಾಮಾನು ರಸ್ತೆಯಲ್ಲಿ ಬರಬೇಕು, ಇಲ್ಲವೆ ಮಂಗಳೂರಿನ ಬಂದರಿನಿಂದ ಚಾರ್ಮಾಡಿ ಘಟ್ಟವನ್ನು ಹತ್ತಿ ಬರಬೇಕು. ಹೀಗಾಗಿ ಸ್ವಲ್ಪ ದೊಡ್ಡ ತೋಟದಲ್ಲಿ ಒಂದು ವೈಸು, ನಾಲ್ಕಾರು ಅರ, ಒಂದು ಕೈ ಡ್ರಿಲ್ಲು, ಇವುಗಳನ್ನು ಬಲ್ಲ ಒಬ್ಬ ಮನುಷ್ಯ ಇರಲೇಬೇಕಾಗಿತ್ತು. ಕಾಫಿಯ ಚರಿತ್ರೆಯನ್ನು ಬರೆದವರು ಬಾಬಾ ಬುಡನ್ನರನ್ನು ಮರೆತಿಲ್ಲ, ಬಿಳಿಯ ದೊರೆಗಳನ್ನೂ ಮರೆತಿಲ್ಲ. ಆ ಒಬ್ಬ ಮನುಷ್ಯನ ವಿಷಯಕ್ಕೆ ಅವರ ಗಮನ ಹರಿದಂತೆ ಕಾಣುವುದಿಲ್ಲ.

ಇನ್ನು ಕಾಲನಿರ್ಣಯ. ನಮ್ಮ ಜಿಲ್ಲೆಯ ಎಲ್ಲೆಗೆ ಸಮೀಪದಲ್ಲಿಯೇ ಇರುವ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಪತ್ತೆಹಚ್ಚಿದ ಶಾಸನದಲ್ಲಿ ತೇದಿಯಿಲ್ಲ. ಅಕ್ಷರಗಳ ರೂಪ, ಭಾಷೆಯ ರೂಪ, ಒಳಗೆ ಬಂದ ಕದಂಬ ಅರಸನ ಹೆಸರು ಇವುಗಳನ್ನು ಕೂಡಿಸಿ ಅದು ಸುಮಾರು ಕ್ರಿ. ಶ. ೪೫೦ರದೆಂದು ನಿರ್ಣಯಿಸಿದರು, ವಿದ್ವಾಂಸರ ಚರ್ಚೆ ಆಮೇಲೂ ನಡೆದಿದೆ. ಹೆಸರಿಲ್ಲದ ವೈಸನ್ನು ಓದುವ ಕ್ರಮವೂ ಇದರಿಂದ ಬಹಳ ದೂರವಿಲ್ಲ. ಆದರೆ ಕಬ್ಬಿಣದ ಲಿಪಿಯನ್ನು ಓದುವುದು ನನ್ನಿಂದಾಗುವ ಕೆಲಸವಲ್ಲ. ಮೂಡಿಗೆರೆಯಲ್ಲಿ ವರ್ಕ್‌ಷಾಪು ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟಿರುವ ಎಪ್ಪತ್ತು ದಾಟಿದ ಆಚಾರ್ಯರೊಬ್ಬರನ್ನು ಕರೆತಂದೆವು. ಅವರು ವೈಸಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳ ಗಿಣ್ಣಿನಿಂದ ತಟ್ಟಿ ನೋಡಿ, “ಬೀಡು” ಎಂದರು.

ಬೀಡು ಎಂದರೆ ಎರಕದ ಕಬ್ಬಿಣ. ಬಡಿದು ಮಾಡಿದ ಉಕ್ಕು ಗಂಟೆಯಂತೆ ದನಿಗೊಟ್ಟರೆ ಬೀಡು ಮಂಕಾಗಿ ನುಡಿಯುತ್ತದೆ. ಸಂಶಯವಿದ್ದರೆ ಅಡಿಯಲ್ಲಿ, ಕಾಣದ ಕಡೆ, ಸಾಣೆಯ ಚಕ್ರವನ್ನು ಒಂದು ಕ್ಷಣ ಸೋಕಿಸಿ ಕಿಡಿಯನ್ನು ನೋಡುವುದುಂಟು: ಬೀಡಿನ ಕಿಡಿ ಕೆಂಪಗೆ, ಗಿಡ್ಡಗೆ, ಮೆದು ಕಬ್ಬಿಣದ್ದು ಹುಲ್ಲಿನ ಬಣ್ಣದ ಉದ್ದನೆಯ ಗೆರೆ, ಇಂಗಾಲ ಹೆಚ್ಚಾದ ಉಕ್ಕಿನದು ಹೂಬಾಣದಂತೆ ಒಡೆದು ಚಿಮ್ಮುವಂಥದು. ಇಲ್ಲಿ ಆ ಪರೀಕ್ಷೆ ಬೇಕಾಗಲಿಲ್ಲ. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಏಳುವ ಸಣ್ಣ ಏಣು ವೈಸಿನ ಬೆನ್ನುದ್ದಕ್ಕೂ ಹಾದುಹೋಗಿತ್ತು.

ಎರಡನೆಯ ಸಾಕ್ಷ್ಯ ಅಳತೆ. ದವಡೆಯ ಅಗಲ ೧೧೪ ಮಿಲಿಮೀಟರಿಗಿಂತ ಕೂದಲೆಳೆಯಷ್ಟು ಹೆಚ್ಚು, ಎಂದರೆ ಸರಿಯಾಗಿ ನಾಲ್ಕೂವರೆ ಅಂಗುಲ. ಮೆಟ್ರಿಕ್ ಲೆಕ್ಕದವರಾಗಿದ್ದರೆ ೧೦೦ ಎಂದೋ ೧೨೫ ಎಂದೋ ಇಡುತ್ತಿದ್ದರು. ನಮ್ಮ ದೇಶದಲ್ಲಿ ಮೆಟ್ರಿಕ್ ಕಾಯಿದೆಯಾದದ್ದು ೧೯೫೬ರಲ್ಲಿ, ಬಳಕೆಗೆ ಬರತೊಡಗಿದ್ದು ೧೯೫೮ರಿಂದ. ಆದರೆ ಕಾಯಿದೆ ಬದಲಾಯಿತೆಂದು ಎರಕದವನು ತನ್ನ ಮರದ ಅಚ್ಚನ್ನು ಮಾರನೆಯ ದಿನವೇ ಒಲೆಗೆ ಹಾಕುವುದಿಲ್ಲ. ಆದ್ದರಿಂದ ಈ ಸಾಕ್ಷ್ಯಕ್ಕೆ ಹತ್ತು ಹದಿನೈದು ವರ್ಷಗಳ ಸಡಿಲು ಕೊಡಲೇಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಂಡ ಸಾಕ್ಷ್ಯ: ತಿರುಪಿನ ಎಳೆ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ಬೋಲ್ಟಿನ ಎಳೆಗಳಿಗೊಂದು ವ್ಯಾಕರಣವನ್ನು ಸೂಚಿಸಿದ. ಅದಕ್ಕೆ ಮೊದಲು ಒಂದೊಂದು ಕಾರ್ಖಾನೆಯದು ಒಂದೊಂದು ಎಳೆ. ಒಬ್ಬನ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂರದು. ವಿಟ್‌ವರ್ತನ ಎಳೆಯ ಕೋನ ೫೫ ಡಿಗ್ರಿ. ೧೮೬೪ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ೬೦ ಡಿಗ್ರಿಯ ಬೇರೊಂದು ಪಾಠವನ್ನು ಮುಂದಿಟ್ಟ. ಅರ್ಧ ಅಂಗುಲದ ಬೋಲ್ಟಿನಲ್ಲಿ ಈ ಇಬ್ಬರ ಭೇದ ಬರಿಗಣ್ಣಿಗೇ ಸಿಕ್ಕಿಬೀಳುತ್ತದೆ: ಅಂಗುಲವೊಂದಕ್ಕೆ ವಿಟ್‌ವರ್ತನಲ್ಲಿ ೧೨ ಎಳೆ, ಅಮೆರಿಕದಲ್ಲಿ ೧೩. ನಮ್ಮ ವೈಸಿನ ಒಡಲೊಳಗಿನ ದೊಡ್ಡ ನಟ್ಟನ್ನು ಹಿಡಿದಿದ್ದ ಅರ್ಧ ಅಂಗುಲದ ಬೋಲ್ಟನ್ನು ಆಚಾರ್ಯರು ಬಿಚ್ಚಿ ನನ್ನ ಕೈಗಿತ್ತರು. ಅಳತೆಪಟ್ಟಿಯ ಮೇಲಿಟ್ಟು ಎಣಿಸಿದೆ, ಹನ್ನೆರಡು. ಮಾತ್ರೆ ಎಣಿಸಿ ಕಂದವೋ ರಗಳೆಯೋ ಎಂದು ನಿರ್ಣಯಿಸುವವನಿಗೆ ಇದರಲ್ಲಾಗುವ ಸಂತೋಷವನ್ನು ವಿವರಿಸಬೇಕಾಗಿಲ್ಲ.

ಉಳಿದ ಲಕ್ಷಣಗಳನ್ನು ಬೇಗ ಹೇಳುತ್ತೇನೆ. ನಡುವಣ ಮುಖ್ಯ ತಿರುಪು ಚೌಕ ಎಳೆಯದು. ಸನ್ನೆಯೊತ್ತಿದರೆ ದವಡೆ ಸರ್ರನೆ ಸರಿಯುವ ಏರ್ಪಾಡಿಲ್ಲ. ಯಾರ್ಕ್‌ಷೈರಿನ ಪಾರ್ಕಿನ್ಸನ್ನರ ವೈಸುಗಳು ಆ ಏರ್ಪಾಡಿಗೇ ಹೆಸರಾದವು. ಅಡಿಪೀಠ ತಿರುಗುವುದಿಲ್ಲ, ತಿರುಗುವ ಪೀಠದ ಒಲವು ಅಮೆರಿಕದವರಿಗೆ ಹೆಚ್ಚು. ಷೆಫೀಲ್ಡಿನ ‘ರೆಕಾರ್ಡ್’ ಆಗಿದ್ದರೆ ಹೆಸರು ಮೈಮೇಲೆ ಎದ್ದು ಕಾಣುತ್ತಿತ್ತು, ಬಣ್ಣದ ತಳದಲ್ಲಿ ನೀಲಿಯ ಸುಳಿವಾದರೂ ಸಿಗುತ್ತಿತ್ತು. ಎಲ್ಲವನ್ನೂ ಕೂಡಿಸಿದರೆ, ಇಂಗ್ಲಿಷ್ ಮಾದರಿಯ ವೈಸು. ಬ್ರಿಟನ್ನಿನಲ್ಲಿ ಎರಕ ಹೊಯ್ದದ್ದಿರಬಹುದು, ಆ ಮಾದರಿಯನ್ನು ನೋಡಿ ಭಾರತದಲ್ಲಿ ಹೊಯ್ದದ್ದೂ ಇರಬಹುದು. ೧೯೬೦ರ ದಶಕಕ್ಕಿಂತ ಈಚಿನದಾಗಿರಲಾರದು.

ಇಷ್ಟಕ್ಕೆ ಗೌಡರಿಗೆ ಸಮಾಧಾನವಾಗಲಿಲ್ಲ. “ಒಂದು ಊರಿನ ಹೆಸರಾದ್ರೂ ಹೇಳಿ” ಎಂದರು. ಆಸೆ ನನಗೂ ಇತ್ತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ಯಂತ್ರದ ಕೆಲಸದ ಶಾಲೆಯನ್ನೂ ನಡೆಸಿದರು. ಕಿಟೆಲ್ಲರ ನಿಘಂಟು ೧೮೯೪ರಲ್ಲಿ ಅಚ್ಚಾದದ್ದು ಅವರ ಮುದ್ರಣಾಲಯದಲ್ಲಿಯೇ. ನಿಘಂಟಿನ ಸೋದರನೊಬ್ಬ ಘಟ್ಟ ಹತ್ತಿ ಬಂದು ಕಾಫಿ ತೋಟ ಸೇರಿದನೆಂದು ಬರೆದರೆ ಎಷ್ಟು ಚೆನ್ನಾಗಿರುತ್ತದೆ! ಅದೂ ಬೇಡವೆಂದರೆ, ೧೯೨೩ರಲ್ಲಿ ಮೊದಲಾದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿದ್ದುದು ನಮ್ಮ ಬಾಬಾಬುಡನ್ ಬೆಟ್ಟಸಾಲಿನ ಕೆಮ್ಮಣ್ಣುಗುಂಡಿಯಿಂದ. ನಮ್ಮ ಬೆಟ್ಟದ ಮಣ್ಣೇ ಕಬ್ಬಿಣವಾಗಿ ನಮ್ಮ ತೋಟಕ್ಕೆ ಹಿಂದಿರುಗಿತೆನ್ನಬಹುದಲ್ಲ! ಎರಡಕ್ಕೂ ವೈಸಿನ ಮೈಮೇಲೆ ಆಧಾರವಿಲ್ಲ. ಹೀಗೆ ಚೆನ್ನಾಗಿ ಕೇಳಿಸುತ್ತದೆಂಬ ಒಂದೇ ಕಾರಣಕ್ಕೆ ಕವಿಗಳಿಗೆ ಊರನ್ನೂ ಗುರುಗಳನ್ನೂ ಕಟ್ಟಿಕೊಟ್ಟ ಮುನ್ನುಡಿಗಳನ್ನು ಓದಿ ಓದಿ ನನಗೆ ಬೇಸರವಾಗಿದೆ. ಕರ್ತೃ ಅಜ್ಞಾತ ಎಂದೇ ಹೇಳಿದೆ.

ಜೀರ್ಣೋದ್ಧಾರದ ಮಾತು ಬಂದಾಗ ಅಭಿಪ್ರಾಯಭೇದವೆದ್ದಿತು. ಬೆಂಗಳೂರಿನಲ್ಲಿರುವ ಗೌಡರ ತಂಗಿಯ ಮಗ ತೋಟದಲ್ಲಿ ಹೋಂಸ್ಟೇ ತೆರೆಯುವ ಸಿದ್ಧತೆಯಲ್ಲಿದ್ದ. ವೈಸನ್ನು ತಂತಿಯ ಚಕ್ರದಿಂದ ಉಜ್ಜಿಸಿ, ಬಿಳಿ ಲೋಹದಂತೆ ಹೊಳೆಯಿಸಿ, ಮೆರುಗೆಣ್ಣೆ ಬಳಿದು, ಮುಂದಿನ ಜಗಲಿಯಲ್ಲಿ ದೀಪ ಹಾಕಿ ನಿಲ್ಲಿಸಬೇಕೆಂಬುದು ಆತನ ಯೋಜನೆ. “ಮಾವ, ಗುಜರಿಗೆ ಕೊಟ್ಟರೆ ಕಿಲೋ ಲೆಕ್ಕ, ಇಲ್ಲಿ ಇಟ್ಟರೆ ಬಂದವರು ಫೋಟೋ ತೆಗೀತಾರೆ” ಎಂದ. ಹುಡುಗನ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ಗುಜರಿಯವನ ತಕ್ಕಡಿಯಿಂದ ಅದನ್ನು ಉಳಿಸಿದವನು ಆತನೇ. ಆದರೆ ಆಚಾರ್ಯರು ತಲೆಯಾಡಿಸಿ, “ಮೊದಲು ಬಿಚ್ಚಾಣ. ಒಳಗೆ ಏನಿದೆ ನೋಡದೆ ಉಜ್ಜೋದು ಬೇಡ” ಎಂದರು. ಗ್ರಂಥಸಂಪಾದನೆಯ ಮೊದಲ ಪಾಠವನ್ನು ನಾನು ತರಗತಿಯಲ್ಲಿ ಒಂದು ಗಂಟೆ ಹೇಳುತ್ತೇನೆ.

ಸುತ್ತಿಗೆಯನ್ನು ಅವರು ದೂರವಿಡಿಸಿದರು. “ಬೀಡು ಅಂದ್ರೆ ಗಡಿಗೆ ಇದ್ದ ಹಾಗೆ ಮೇಷ್ಟ್ರೇ, ಒಡೀತದೆ, ಬಗ್ಗೋದಿಲ್ಲ.” ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಎಣ್ಣೆ ಬೆರೆಸಿ ತಿರುಪಿನ ಸಂದಿಗೆ ದಿನಕ್ಕೆರಡು ಸಲ ಬಿಟ್ಟು ಕಾಯುವುದಷ್ಟೇ ಮೊದಲ ವಾರದ ಕೆಲಸ. ಎಂಟನೆಯ ದಿನ ಹಿಡಿಯನ್ನು ಮುಂದಕ್ಕೆ ಕೂದಲಿನಷ್ಟು, ಹಿಂದಕ್ಕೆ ಕೂದಲಿನಷ್ಟು ಆಡಿಸುತ್ತ ಆಡಿಸುತ್ತ ಬಿಡಿಸಿದರು. ಚರದವಡೆ ಹೊರಬಂದಾಗ ಅದರೊಳಗೆ ಗಟ್ಟಿಕಟ್ಟಿದ ಹಳೆಯ ಗ್ರೀಸು. ಆ ಗ್ರೀಸಿಗೆ ಹಸುರು ಛಾಯೆ. ಬಣ್ಣ ಉದುರಿ ಸೇರಿದೆಯೆಂದು ನಾನೆಂದೆ. ಆಚಾರ್ಯರು ಮಾತಾಡದೆ ಸ್ಥಿರದವಡೆಯ ಪಟ್ಟಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿದರು. ದವಡೆಯ ಗೀರುಹಲ್ಲುಗಳ ನಡುವೆ ಕೆಂಪಗೆ ಮಿಣುಕುವ ಕಣಗಳು. ತಾಮ್ರ!

ತಾಮ್ರದ ಪುಡಿ ಹಳಸಿದ ಜಿಡ್ಡಿನೊಳಗೆ ಬಿದ್ದರೆ ಜಿಡ್ಡು ಹಸುರಾಗುತ್ತದೆ. ಹಿತ್ತಾಳೆಯ ಹಣತೆಯಲ್ಲಿ ಎಣ್ಣೆ ನಿಂತರೆ ಆಗುವ ಹಾಗೆ. “ಕಬ್ಬಿಣದ ದವಡೆ ನಯವಾದ ಸಾಮಾನನ್ನ ಗಾಯ ಮಾಡ್ತದೆ. ಅದಕ್ಕೇ ಪಲ್ಪರಿನ ಸವೆದ ತಗಡು ಕತ್ತರಿಸಿ, ತಟ್ಟಿ, ದವಡೆಗೆ ಟೋಪಿ ಹಾಕ್ತಿದ್ದೆವು” ಎಂದರು ಆಚಾರ್ಯರು. ಇಲ್ಲಿಯೂ ಟೋಪಿಯೇ ಇದ್ದಿರಬಹುದು, ಅಥವಾ ತಗಡನ್ನೇ ಹಿಡಿದು ಕೆಲಸ ಮಾಡಿದ್ದಿರಬಹುದು. ಎರಡರಲ್ಲಿ ಯಾವುದಾದರೂ ಸರಿ, ತೋಟದಲ್ಲಿ ತಾಮ್ರವಿದ್ದ ಜಾಗ ಪಲ್ಪರು. ವೈಸು ಕೇವಲ ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದ ವಸ್ತುವಲ್ಲ, ಸುಗ್ಗಿಯ ದಿನಗಳಲ್ಲಿ ದುಡಿದದ್ದು ಎಂಬುದಕ್ಕೆ ಅದರ ಹಲ್ಲಿನ ಸಂದಿಯಲ್ಲಿಯೇ ಸಾಕ್ಷಿ ಸಿಕ್ಕಿತು. ತಂತಿಯ ಚಕ್ರ ಐದು ನಿಮಿಷ ತಿರುಗಿದ್ದರೆ ಇದಿಷ್ಟೂ ನೆಲದ ಪುಡಿಯಾಗುತ್ತಿತ್ತು.

ಚರದವಡೆಯ ಪಟ್ಟಿ ಬೇರೆಯೇ ಕಥೆಯನ್ನು ಹೇಳಿತು. ಅದು ಮೂಲದ್ದಲ್ಲ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತರಿಸಿ ಕೂರಿಸಿದ ತೇಪೆ. ಅದರ ಎರಡು ತೂತುಗಳು ಒಂದೇ ಸಾಲಿನಲ್ಲಿಲ್ಲ. ಅವುಗಳ ಓರೆಯನ್ನು ನೋಡಿ, ಕೈಯಲ್ಲಿ ತಿರುಗಿಸುವ ಡ್ರಿಲ್ಲಿನಿಂದ ಕೊರೆದದ್ದು, ತೋಟಕ್ಕೆ ಕರೆಂಟು ಬರುವ ಮೊದಲಿನ ಕೆಲಸ ಎಂದರು ಆಚಾರ್ಯರು. ಈ ಪಟ್ಟಿಯಲ್ಲಿ ತಾಮ್ರದ ಕಣವೊಂದೂ ಇರಲಿಲ್ಲ. ಎಂದರೆ ತಾಮ್ರದ ಕಾಲ ಮೊದಲು, ಸ್ಪ್ರಿಂಗಿನ ಕಾಲ ಆಮೇಲೆ. ಓಲೆಯ ಪ್ರತಿಯಲ್ಲಿ ಒಬ್ಬನ ಬರವಣಿಗೆಯ ನಡುವೆ ಇನ್ನೊಬ್ಬನ ಕೈ ಕಂಡಾಗ ಪ್ರಕ್ಷಿಪ್ತವೆಂದು ಕಂಸದೊಳಗೆ ಹಾಕುತ್ತೇವೆ, ಕಿತ್ತೆಸೆಯುವುದಿಲ್ಲ. ಪೇಟೆಯಲ್ಲಿ ಹೊಸ ಪಟ್ಟಿಗಳ ಜೋಡಿ ಸಿಗುತ್ತದೆ, ತರಿಸೋಣವೆಂದ ತಂಗಿಯ ಮಗನಿಗೆ ಆಚಾರ್ಯರು ಕೊಟ್ಟ ಉತ್ತರ ಇನ್ನೂ ಸರಳವಾಗಿತ್ತು: “ಸ್ಪ್ರಿಂಗಿನ ಉಕ್ಕಿಗಿಂತ ಗಟ್ಟಿ ಏನು ತರ್ತೀಯಪ್ಪ?”

ತುಕ್ಕನ್ನು ತೆಗೆದದ್ದು ಬಿಡಿಭಾಗಗಳಿಂದ ಮಾತ್ರ. ಹತ್ತು ಲೀಟರು ನೀರಿಗೆ ನೂರು ಗ್ರಾಮಿನಷ್ಟು ವಾಷಿಂಗ್ ಸೋಡ ಕರಗಿಸಿ, ಪ್ಲಾಸ್ಟಿಕ್ ತೊಟ್ಟಿಯಲ್ಲಿ ತಿರುಪು ಹಿಡಿಗಳನ್ನು ಮುಳುಗಿಸಿ, ಬ್ಯಾಟರಿ ಚಾರ್ಜರಿನ ಋಣದ ತಂತಿಯನ್ನು ಅವಕ್ಕೆ, ಧನದ ತಂತಿಯನ್ನು ಒಂದು ಹಾಳು ಕಬ್ಬಿಣದ ತುಂಡಿಗೆ ಕೊಟ್ಟರೆ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಕಪ್ಪಗೆ ಸಡಿಲವಾಗಿ ಬ್ರಷ್ಷಿಗೆ ಬರುತ್ತದೆ. ಇದನ್ನು ಬಯಲಿನಲ್ಲಿಯೇ ಮಾಡಬೇಕು, ಏಕೆಂದರೆ ಏಳುವ ಗುಳ್ಳೆಗಳಲ್ಲಿ ಹತ್ತಿಕೊಳ್ಳುವ ಜಲಜನಕವಿರುತ್ತದೆ. ಹಾಳು ತುಂಡು ಸ್ಟೇನ್‌ಲೆಸ್ ಉಕ್ಕಾಗಿರಕೂಡದು, ಅದರ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಒಡಲಿಗೆ ಮಾತ್ರ ಆಚಾರ್ಯರು ಅಳಲೆಕಾಯಿಯ ದಪ್ಪ ಕಷಾಯವನ್ನು ಬಳಿದರು. ಕೆಂಪು ತುಕ್ಕು ನೋಡನೋಡುತ್ತಿದ್ದಂತೆ ಕಡುನೀಲಿಯ ಕಪ್ಪಾಯಿತು. ನಾನು ಬೆರಗಾದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ, ಎಂದರೆ ಕಬ್ಬಿಣದ ಉಪ್ಪನ್ನು ಸೇರಿಸುವುದು ಮಸಿ ಮಾಡುವ ಹಳೆಯ ಕ್ರಮಗಳಲ್ಲೊಂದು. ಕಾಯಿಯ ಒಗರೂ ಕಬ್ಬಿಣವೂ ಕೂಡಿದರೆ ಕರಿ. ಕಾಗದದ ಮೇಲಾದರೆ ಅದು ಅಕ್ಷರ, ತುಕ್ಕಿನ ಮೇಲಾದರೆ ಹೊದಿಕೆ. ಹಸುರು ಬಣ್ಣದ ಚಕ್ಕೆಗಳು ಗಟ್ಟಿಯಾಗಿದ್ದಲ್ಲಿ ಅವನ್ನು ಹಾಗೆಯೇ ಬಿಟ್ಟೆವು.

ಹಸುರು ಜಿಡ್ಡನ್ನು ಒಂದು ಚಿಕ್ಕ ಸೀಸೆಗೆ ತುಂಬಿ ತೋಟದ ರೈಟರ ಮೇಜಿನ ಖಾನೆಯಲ್ಲಿಟ್ಟಿದ್ದೇವೆ. ಜೊತೆಗೆ ನನ್ನ ಕೈಬರೆಹದ ಒಂದು ಚೀಟಿ. ಅಳತೆ, ಎಳೆಯ ಲೆಕ್ಕ, ಎರಡು ಪಟ್ಟಿಗಳ ಪೂರ್ವಾಪರ, ದಿಮ್ಮಿಯ ಎತ್ತರ, ಇಷ್ಟೇ ಅದರಲ್ಲಿರುವುದು. ವೈಸನ್ನು ಜಗಲಿಗೆ ಸಾಗಿಸಲಿಲ್ಲ. ಪಲ್ಪರ್ ಮನೆಯ ಕಿಟಕಿಯ ಬಳಿ ಅದೇ ದಿಮ್ಮಿಯ ಮೇಲೆ ಬಿಗಿದರು. ದಿಮ್ಮಿಯ ಕೆಳಗೆ ಒಂದು ಸಾಲು ಇಟ್ಟಿಗೆ ಕೊಟ್ಟು ಎತ್ತರಿಸೋಣವೇ ಎಂದು ಗೌಡರು ಕೇಳಿದಾಗ ಆಚಾರ್ಯರು, “ಈಗ ತೋಟದಲ್ಲಿ ಕೆಲಸ ಮಾಡೋ ಹುಡುಗ ಎಷ್ಟು ಎತ್ತರ?” ಎಂದು ಕೇಳಿ, ಅವನನ್ನು ಕರೆಸಿ ನಿಲ್ಲಿಸಿ, ಮೊಣಕೈಗೆ ಅಳೆದು, ಎರಡು ಸಾಲು ಇಡಿಸಿದರು. ಜೂನ್ ಹಿಡಿದರೆ ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಹದಿನೈದು ದಿನಕ್ಕೊಮ್ಮೆ ಎಣ್ಣೆಯ ಬಟ್ಟೆ ಆಡಿಸುವ ಕೆಲಸ ಆ ಹುಡುಗನದು. ಕಳೆದ ಸುಗ್ಗಿಯಲ್ಲಿ ಪಲ್ಪರಿನ ಬೋಲ್ಟೊಂದು ಮುರಿದ ಸಂಜೆ ಅವನು ಅದರಲ್ಲಿಯೇ ಹೊಸದನ್ನು ಹಿಡಿದು ಗರಗಸ ಹಾಕಿದನೆಂದೂ, ರಾತ್ರಿ ಒಂಬತ್ತರೊಳಗೆ ಹಣ್ಣೆಲ್ಲ ಪಲ್ಪರಿಗೆ ಬಿದ್ದಿತೆಂದೂ ಗೌಡರು ಫೋನಿನಲ್ಲಿ ತಿಳಿಸಿದರು.